ನೆಟ್ ಹೋದರೆ ಮುಚ್ಚುವ ಅಂಗಡಿ

ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಟ್ರೇನಿಂಗಿನಲ್ಲಿ ಒಂದು ಮಾತು ಹೇಳಿಕೊಡುವುದಿಲ್ಲ. ಫೋನಿನ ಆ ಕಡೆಯಿಂದ ನಿಮ್ಮನ್ನು ಬೈಯುವವರು ಯಾವಾಗಲೂ ದುಡ್ಡು ಕೊಟ್ಟು ಮಾಲು ಕೊಂಡವರೇ. ಕದ್ದವರು ಫೋನ್ ಮಾಡುವುದಿಲ್ಲ. ಅವರಿಗೆ ತೊಂದರೆಯೇ ಇರುವುದಿಲ್ಲ. ಇಷ್ಟು ಸಣ್ಣ ವಿಷಯ ಅರ್ಥವಾಗಲು ನನಗೆ ಇಡೀ ಸರ್ವಿಸ್ ಹಿಡಿಯಿತು. ನಿಮಗೆ ಬೇಗ ತಿಳಿಯಲಿ ಅಂತ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಇದ್ದದ್ದು ಮುಂಬಯಿಯ ಘಾಟ್ಕೋಪರ್ ಸ್ಟೇಷನ್ ಹತ್ತಿರದ ಒಂದು ಕಂಪನಿಯಲ್ಲಿ. ವ್ಯಾಪಾರದ ಕಂಪ್ಯೂಟರ್ ಗೇಮ್ ಮಾಡಿ ಮಾರುವ ಕಂಪನಿ. ಆಟದೊಳಗೆ ನೀವು ಅಂಗಡಿ ಇಡಬೇಕು, ಮಾಲು ತರಿಸಬೇಕು, ಆಳುಗಳನ್ನು ಇಟ್ಟುಕೊಳ್ಳಬೇಕು, ಗಿರಾಕಿಯ ಮೂಡ್ ನೋಡಿ ರೇಟು ಹಾಕಬೇಕು. ಈ ಊರಿನಲ್ಲಿ ನಿಜವಾದ ಅಂಗಡಿಗೆ ಜಾಗ ಸಿಗದವರು ಎಷ್ಟು ಜನ ಇದ್ದಾರೋ, ಅಷ್ಟೂ ಜನ ನಮ್ಮ ಗಿರಾಕಿಗಳು ಅಂತ ಮಾಲೀಕರು ಹೇಳುತ್ತಿದ್ದರು.

ನನಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಧಾರವಾಡದಿಂದ ಬಂದು ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ನಮ್ಮ ಅಪ್ಪ ನನ್ನನ್ನು ಬೈಕುಲ್ಲಾದ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿನ ಸಿಸ್ಟರ್‌ಗಳು ‘ಪ್ಲೀಸ್’, ‘ಕೈಂಡ್‌ಲಿ’, ‘ಐ ಬೆಗ್ ಯುವರ್ ಪಾರ್ಡನ್’ ಇವನ್ನು ನನ್ನ ಬಾಯೊಳಗೆ ಪರ್ಮನೆಂಟಾಗಿ ಕೂಡಿಸಿ ಕಳಿಸಿದ್ದರು. ಇಂಟರ್‌ವ್ಯೂನಲ್ಲಿ ಮಾಲೀಕರು ಹೇಳಿದರು, “ಮಿಸ್ ನಿರ್ಮಲಾ, ನಿಮ್ಮ ಬಾಯಲ್ಲಿ ‘ಇಲ್ಲ’ ಅನ್ನೋದು ಕೂಡ ಆಶೀರ್ವಾದದ ಹಾಗೆ ಕೇಳುತ್ತೆ. ನಮಗೆ ಇದೇ ಬೇಕಿತ್ತು.” ಅವತ್ತು ಹೆಮ್ಮೆಪಟ್ಟೆ. ಜೀವನವಿಡೀ ‘ಇಲ್ಲ’ ಅನ್ನುವುದೇ ಕೆಲಸ ಅಂತ ಆಮೇಲೆ ಗೊತ್ತಾಯಿತು.

ಆ ಕಾಲದಲ್ಲಿ ಗೇಮು ಡಬ್ಬದಲ್ಲಿ ಬರುತ್ತಿತ್ತು, ಜೊತೆಗೊಂದು ಪುಸ್ತಕ. ಆಟ ಶುರುವಾಗುವ ಮುಂಚೆ ಕಂಪ್ಯೂಟರ್ ಕೇಳುತ್ತಿತ್ತು: ಇಂಥ ಪುಟದ, ಇಂಥ ಸಾಲಿನ, ಇಂಥ ಶಬ್ದ ಯಾವುದು? ಪುಸ್ತಕ ಇದ್ದವನು ಸಾಚಾ, ಇಲ್ಲದವನು ಕಳ್ಳ. ಜನ ಪುಸ್ತಕವನ್ನೇ ಜೆರಾಕ್ಸ್ ಮಾಡಿಸತೊಡಗಿದರು. ಆಗ ನಮ್ಮ ಕಂಪನಿ ಜಾಣತನ ಮಾಡಿ ಇಡೀ ಪುಸ್ತಕವನ್ನು ಗಾಢ ಮೆರೂನ್ ಕಾಗದದ ಮೇಲೆ ಕಪ್ಪು ಅಕ್ಷರದಲ್ಲಿ ಅಚ್ಚು ಹಾಕಿಸಿತು. ಜೆರಾಕ್ಸ್ ಮಷೀನಿಗೆ ಏನೂ ಕಾಣಲಿಲ್ಲ. ಮನುಷ್ಯರಿಗೂ ಕಾಣಲಿಲ್ಲ.

ಒಬ್ಬ ವಯಸ್ಸಾದ ಗುಜರಾತಿ ಸೇಠರು ದಿನಾ ಫೋನ್ ಮಾಡುತ್ತಿದ್ದರು. “ಬೇಟಾ, ಪುಸ್ತಕ ತಗೊಂಡು ಟೆರೇಸಿಗೆ ಬಂದಿದ್ದೀನಿ. ಬಿಸಿಲಿಗೆ ಓರೆ ಹಿಡಿದರೆ ಸ್ವಲ್ಪ ಕಾಣುತ್ತೆ. ಶಬ್ದ ‘ಪ್ರಾಫಿಟ್’ ಇರಬಹುದಾ?”

“ಸಾರಿ ಸರ್, ಶಬ್ದ ಹೇಳಲು ನಮಗೆ ಪರ್ಮಿಷನ್ ಇಲ್ಲ.”

“ಹಾಗಾದರೆ ‘ಲಾಸ್’ ಇರಬೇಕು,” ಅಂದು ಫೋನ್ ಇಟ್ಟರು.

ಆಮೇಲೆ ಡಾಂಗಲ್ ಬಂತು. ಬೆರಳಿನಷ್ಟು ಗಾತ್ರದ ಪ್ಲಾಸ್ಟಿಕ್ ತುಂಡು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಚುಚ್ಚಿದರೆ ಮಾತ್ರ ಆಟ ಏಳುತ್ತಿತ್ತು. ಅದರ ಮೊದಲ ದಸರಾದ ಮಾರನೆಯ ದಿನ ಎಷ್ಟು ಕಂಪ್ಲೇಂಟ್ ಬಂದವು ಅಂದರೆ ಎಂಜಿನಿಯರುಗಳು ವೈರಸ್ ಇರಬೇಕು ಅಂತ ಗಾಬರಿಯಾದರು. ನಾನಿದ್ದ ಹೌಸಿಂಗ್ ಸೊಸೈಟಿಯ ಕೆಳಗೇ ಬೆಳಗಾವಿ ಕಡೆಯ ಅಪ್ಪಾಸಾಹೇಬರ ಬಟ್ಟೆ ಅಂಗಡಿ ಇತ್ತು, ಅವರೂ ನಮ್ಮ ಆಟ ಕೊಂಡಿದ್ದರು, ಹೋಗಿ ನೋಡಿದೆ. ಖಂಡೇನವಮಿಯ ಆಯುಧಪೂಜೆಗೆ ತಕ್ಕಡಿ, ಕತ್ತರಿ, ಗಜಕೋಲು ಎಲ್ಲದರ ಜೊತೆ ಡಾಂಗಲ್ಲಿಗೂ ಪೂಜೆಯಾಗಿತ್ತು. ಅರಿಸಿನ, ಕುಂಕುಮ, ಮೇಲೆ ಎರಡು ಅಕ್ಕಿ ಕಾಳು. ಕುಂಕುಮ ಪಿನ್ನುಗಳ ಸಂದಿಯೊಳಗೆ ಹೋಗಿ ಗಟ್ಟಿಯಾಗಿ ಕೂತಿತ್ತು.

“ಅಪ್ಪಾಸಾಹೇಬ್ರ, ಇದಕ್ಯಾಕ ಕುಂಕುಮ ಹಚ್ಚಿದ್ರಿ?”

“ಅಲ್ರೀ ಬಾಯಾರ, ಇದನ್ನ ತಗದ್ರ ಅಂಗಡಿ ಬಂದ್ ಆಗ್ತದಂತ ನೀವ ಹೇಳಿದ್ದಲ್ಲ? ಅಂದ ಮ್ಯಾಲ ಲಕ್ಷ್ಮಿ ಇದರಾಗ ಅದಾಳ. ಪೂಜಿ ಬಿಡಾಕ ಆಗ್ತದೇನು?”

ತಲೆಯ ಪಿನ್ ತೆಗೆದು ಕುಂಕುಮ ಕೆರೆದುಕೊಟ್ಟೆ. ಮುಂದಿನ ವರ್ಷದಿಂದ ಕಂಪನಿ ಡಬ್ಬದ ಮೇಲೆ ಒಂದು ಸಾಲು ಸೇರಿಸಿತು: ದಯವಿಟ್ಟು ಡಾಂಗಲನ್ನು ದೂರದಿಂದ ಪೂಜಿಸಿ.

ಇಷ್ಟೆಲ್ಲ ಆದ ಮೇಲೆ, ನಾನು ಸಪೋರ್ಟ್ ಡೆಸ್ಕಿನಲ್ಲಿ ಎಲ್ಲರಿಗಿಂತ ಹಿರಿಯಳಾಗಿದ್ದಾಗ, ಮಿಸ್ಟರ್ ಮೆಹ್ರಾ ಬಂದರು. ಹೊಸ ಬಾಸ್. ದುಬಾರಿ ಬೂಟು, ಸಣ್ಣ ದನಿ, ಮಾತಿಗೊಮ್ಮೆ ‘ಝೀರೋ ಟಾಲರೆನ್ಸ್’. ಡಬ್ಬ, ಪುಸ್ತಕ, ಡಾಂಗಲ್ ಎಲ್ಲವನ್ನೂ ಅವರು ಮೂಲೆಗೆ ಹಾಕಿದರು. ‘ಗಲ್ಲಾ’ ಅನ್ನುವ ಹೊಸ ಆಟ ಬಂತು, ಫೋನಿನಲ್ಲೂ ಕಂಪ್ಯೂಟರಿನಲ್ಲೂ ಆಡಬಹುದು. ಒಂದೇ ಷರತ್ತು: ಅಂಗಡಿ ತೆರೆದಿರಬೇಕಾದರೆ ಸದಾ ಆನ್‌ಲೈನ್ ಇರಬೇಕು. ಆಟ ಗಳಿಗೆಗೊಮ್ಮೆ ನಮ್ಮ ಸರ್ವರಿಗೆ ‘ನಾನು ಅಸಲಿ ತಾನೇ?’ ಅಂತ ಕೇಳುತ್ತಿತ್ತು. ಸರ್ವರ್ ‘ಹೌದು’ ಅನ್ನಬೇಕು. ಉತ್ತರ ಬರಲಿಲ್ಲವೋ, ನಿಮ್ಮ ಅಂಗಡಿಯ ಶಟರ್ ಧಡ್ ಅಂತ ಕೆಳಗೆ. ಒಳಗೆ ಹಾಲು ಒಡೆಯುತ್ತದೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಆಳು ಕೆಲಸ ಬಿಡುತ್ತಾನೆ. ನೀವು ಅಂಗಡಿ ಇಡುವುದು ನಿಮ್ಮ ಫೋನಿನಲ್ಲಲ್ಲ, ನಮ್ಮ ಸರ್ವರಿನಲ್ಲಿ. ನೀವು ಇದ್ದರೂ ಇಲ್ಲದಿದ್ದರೂ ಅಲ್ಲಿ ದಿನ ಓಡುತ್ತಲೇ ಇರುತ್ತದೆ.

ಲೋಕಲ್ ಟ್ರೇನಿನಲ್ಲಿ ಎರಡು ಸ್ಟೇಷನ್ ನಡುವೆ ಸಿಗ್ನಲ್ ಹೋಗುವುದು ಈ ಊರಿನಲ್ಲಿ ಹೊಸ ಮಾತಲ್ಲ. ಜನ ಸೀಟು ಸಿಕ್ಕ ಖುಷಿಯಲ್ಲಿ ಆಟ ತೆಗೆಯುತ್ತಿದ್ದರು, ಇಳಿಯುವ ಹೊತ್ತಿಗೆ ದಿವಾಳಿ. ಗಿರಾಕಿಗೆ ಹೇಳಲು ಕಂಪನಿ ಕೊಟ್ಟ ಸ್ಕ್ರಿಪ್ಟಿನಲ್ಲಿ ಮೊದಲ ಸಾಲು ‘ಪ್ಲೀಸ್ ಚೆಕ್ ಯುವರ್ ಇಂಟರ್ನೆಟ್ ಕನೆಕ್ಷನ್’. ಎರಡನೆಯ ಸಾಲು ಇರಲೇ ಇಲ್ಲ.

ಒಂದು ಸಲ ಹೊರದೇಶದ ಇನ್ವೆಸ್ಟರುಗಳು ಬಂದರು. ಮೆಹ್ರಾ ಸಾಹೇಬರು ದೊಡ್ಡ ಪರದೆಯ ಮೇಲೆ ಆಟ ತೋರಿಸಬೇಕು. ಸರಿಯಾಗಿ ಆಗಲೇ ಮೆಟ್ರೋ ಕೆಲಸದವರು ರಸ್ತೆಯಲ್ಲಿ ಕೇಬಲ್ ಕಡಿದರು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಅತಿಥಿಗಳು ಬಿಸ್ಕೀಟು ಮುಗಿಸಿ ಅದನ್ನೇ ನೋಡುತ್ತಿದ್ದರು. ಮೆಹ್ರಾ ನನ್ನನ್ನು ಕಾರಿಡಾರಿಗೆ ಕರೆದು ಕಿವಿಯಲ್ಲಿ ಹೇಳಿದರು, “ಮಿಸ್ ನಿರ್ಮಲಾ, ಸ್ಟೇಷನ್ ಹೊರಗೆ ಫುಟ್‌ಪಾತಿನಲ್ಲಿ ನಮ್ಮ ಗೇಮಿನ ಡೂಪ್ಲಿಕೇಟ್ ಸಿಗುತ್ತಂತೆ. ಅದಕ್ಕೆ ನೆಟ್ ಬೇಡವಂತೆ.”

ಹೋಗಿ ಒಂದು ಕಾಪಿ ತಂದೆ. ಚೌಕಾಸಿ ಮಾಡಲು ಹೋದರೆ ಮಾರುವವನು, “ಆಂಟೀ, ಅಸಲಿಗಿಂತ ಇದೇ ಚೆನ್ನಾಗಿ ಓಡುತ್ತೆ, ಗ್ಯಾರಂಟಿ” ಅಂದ. ಅವನ ಮಾತು ಸುಳ್ಳಾಗಲಿಲ್ಲ. ನಮ್ಮ ಕಾಪಿ ಪ್ರೊಟೆಕ್ಷನ್ ಎಷ್ಟು ಭದ್ರ ಅನ್ನುವ ಭಾಷಣವನ್ನು ಮೆಹ್ರಾ ಸಾಹೇಬರು ಕಳ್ಳ ಕಾಪಿ ತೋರಿಸುತ್ತಲೇ ಮುಗಿಸಿದರು. ಚಪ್ಪಾಳೆ ಜೋರಾಗಿತ್ತು.

ಅದೇ ಹುರುಪಿನಲ್ಲಿ ಅವರು ‘ಫ್ಯಾಮಿಲಿ ಪ್ಯಾಕ್’ ತಂದರು. ಒಂದು ಮನೆಯವರೆಲ್ಲ ಸೇರಿ ಒಂದೇ ಅಂಗಡಿ ನಡೆಸಬಹುದು, ಬೇರೆ ಬೇರೆ ಫೋನಿನಿಂದ. ಜಾಹೀರಾತಿನಲ್ಲಿ ಬ್ಯಾಡ್ಮಿಂಟನ್ ಕೋರ್ಟಿನಷ್ಟು ದೊಡ್ಡ ಅಡುಗೆಮನೆ, ಅದರಲ್ಲಿ ನಗುವ ಗಂಡ ಹೆಂಡತಿ, ಎರಡು ಮಕ್ಕಳು. ಕೆಳಗೆ ಮೆಹ್ರಾ ಅವರಿಗೇ ಹೊಳೆದ ಸ್ಲೋಗನ್: ‘ಒಂದು ಅಡುಗೆಮನೆ, ಒಂದು ಗಲ್ಲಾ’. ಎಂಟು ಭಾಷೆಯಲ್ಲಿ ಹಾಕಿಸಿದರು. ಕನ್ನಡದ್ದು ನಾನೇ ಮಾಡಿಕೊಟ್ಟಿದ್ದು.

ಶಿವಲೀಲಾ ಫೋನ್ ಮಾಡಿದ್ದು ಆ ದಿನಗಳಲ್ಲೇ.

“ಹಲೋ, ಗಲ್ಲಾ ಕಂಪನಿ ಏನ್ರಿ? ಅಂಗಡಿಗಿ ಕೀಲಿ ಬಿದ್ದದರಿ. ಕಳ್ಳರು ಅಂತ ಬರದು ತೋರಿಸ್ಲಾಕತ್ತದ. ಯಾರ ಕಳ್ಳರು?”

ವಿಜಯಪುರದ ದನಿ. ಡೆಸ್ಕಿನಲ್ಲಿ ಕನ್ನಡ ಕೇಳಿ ಎಷ್ಟೋ ವರ್ಷವಾಗಿತ್ತು. ‘ಹೌ ಮೇ ಐ ಅಸಿಸ್ಟ್ ಯು’ ಮರೆತು, “ಏನಾತು, ಸಾವಕಾಶ ಹೇಳ್ರಿ” ಅಂದುಬಿಟ್ಟೆ.

ಆಕೆ ಹೇಳಿದ್ದು ಇಷ್ಟು. ವಡಾಲದಲ್ಲಿ ಕಟ್ಟುತ್ತಿದ್ದ ದೊಡ್ಡ ಟವರುಗಳ ಪಕ್ಕದ ಜೋಪಡಿಗಳ ವಸ್ತಿಯಲ್ಲಿ ಆಕೆ ಮತ್ತು ಊರ ಕಡೆಯ ಕೆಲವು ಹೆಂಗಸರು ಸೇರಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದರು. ಉಣ್ಣುವವರು ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು. ಈಗ ಟವರ್ ಮುಗಿಯುತ್ತ ಬಂದಿತ್ತು. ಕೆಲಸಗಾರರು ಬೇರೆ ಸೈಟಿಗೆ ಹೊರಟಿದ್ದರು. ಟವರಿಗೆ ಬರುವವರಿಗೆ ರೊಟ್ಟಿ ಬೇಕಿಲ್ಲ. ಖಾನಾವಳಿ ಉಳಿಯಬೇಕಾದರೆ ಹತ್ತಿರದ ಮ್ಯಾನೇಜ್‌ಮೆಂಟ್ ಕಾಲೇಜಿನ ಕ್ಯಾಂಟೀನ್ ಸಿಗಬೇಕು. ಬೇರೆ ದಾರಿ ಇರಲಿಲ್ಲ.

ಮ್ಯಾನೇಜ್‌ಮೆಂಟ್ ಕಾಲೇಜಲ್ಲವೇ, ಅಲ್ಲಿಯ ಪ್ರೊಫೆಸರು ಅಡುಗೆಯ ರುಚಿ ನೋಡಲಿಲ್ಲ. “ಅಡುಗೆ ಯಾರಾದರೂ ಮಾಡ್ತಾರೆ, ಬಿಸಿನೆಸ್ ಅಕ್ಯುಮೆನ್, ಅಂದರೆ ವ್ಯಾಪಾರದ ಜಾಣ್ಮೆ ಮುಖ್ಯ” ಅಂದರು. ಅರ್ಜಿ ಹಾಕಿದವರೆಲ್ಲ ‘ಗಲ್ಲಾ’ ಆಟದಲ್ಲಿ ಕ್ಯಾಂಟೀನ್ ನಡೆಸಬೇಕು. ಮುಂದಿನ ಸೋಮವಾರದಿಂದ ಒಂದು ವಾರ ಅಂಗಡಿ ಯಾರದು ಮುಚ್ಚದೆ ನಡೆಯುತ್ತದೋ ಅವರಿಗೆ ಕ್ಯಾಂಟೀನ್. ಊಟದ ಹೊತ್ತಿಗೆ ಬಾಗಿಲು ಹಾಕಿರುವ ಕ್ಯಾಂಟೀನ್ ಯಾರಿಗೂ ಬೇಡ ಅನ್ನುವುದು ಅವರ ಲಾಜಿಕ್. ಅದರಲ್ಲಿ ತಪ್ಪಿರಲಿಲ್ಲ.

ಹೆಂಗಸರು ಎಲ್ಲ ಸೇರಿ ಆಟದ ಒಂದು ಲೈಸೆನ್ಸ್ ಕೊಂಡಿದ್ದರು, ಒಬ್ಬರೇ ಆಡಬೇಕಾದದ್ದು. ಮದುವೆ ಮುಂಜಿಗೆ ಬೇಕಾಗುವ ದೊಡ್ಡ ಹಂಡೆಯನ್ನು ವಸ್ತಿಯವರು ಒಟ್ಟಿಗೆ ಕೊಂಡು ಪಾಳಿಯ ಮೇಲೆ ಒಯ್ಯುತ್ತಾರಲ್ಲ, ಹಾಗೆ. ಒಬ್ಬಳು ಬೆಳಿಗ್ಗೆ ಘಾಟ್ಕೋಪರಿನ ಮನೆಕೆಲಸಕ್ಕೆ ಹೋದಾಗ ಆಡುವುದು, ಇನ್ನೊಬ್ಬಳು ಬೈಕುಲ್ಲಾ ಮಾರ್ಕೆಟಿಗೆ ತರಕಾರಿ ತರಲು ಹೋದಾಗ, ಮತ್ತೊಬ್ಬಳು ಮಧ್ಯಾಹ್ನ. ಒಂದೇ ಪಾಸ್‌ವರ್ಡ್, ಎಂಟು ಫೋನು. ನಮ್ಮ ಸಿಸ್ಟಮ್ ಇದನ್ನು ನೋಡಿ ಕಳ್ಳರ ಗ್ಯಾಂಗ್ ಅಂತ ತೀರ್ಮಾನಿಸಿ ಬೀಗ ಜಡಿದಿತ್ತು.

“ಹಂಗ ಮಾಡಬಾರದಿತ್ತೇನ್ರಿ ಅಕ್ಕಾರ?” ಶಿವಲೀಲಾ ಕೇಳಿದಳು. “ಹಂಡೆ ತಗೊಂಡಾಗ ಅಂಗಡಿಯವ ಯಾರ ಮನಿಗಿ ಒಯ್ತೀರಿ ಅಂತ ಕೇಳಿದ್ದಿಲ್ಲ ನೋಡ್ರಿ.”

ಮೆಹ್ರಾ ಬಳಿ ಹೋದೆ. ಅವರು ಕತ್ತೆತ್ತದೆ, “ಝೀರೋ ಟಾಲರೆನ್ಸ್” ಅಂದರು.

“ಸರ್, ಫ್ಯಾಮಿಲಿ ಪ್ಯಾಕಿಗೆ ಬದಲಾಯಿಸಿದರೆ?”

“ಎಂಟು ಹೆಂಗಸರು ಒಂದು ಫ್ಯಾಮಿಲಿನಾ? ಒಂದು ಮನೆನಾ? ಮಿಸ್ ನಿರ್ಮಲಾ, ನೀವು ಕಾನ್ವೆಂಟಿನವರು, ನಿಮ್ಮನ್ನು ಯಾರಾದರೂ ಸುಲಭವಾಗಿ ನಂಬಿಸಬಹುದು. ಎಂಟು ಜನ ಒಂದು ರೂಮಿನಲ್ಲಿ ಇರೋಕೆ ಆಗುತ್ತಾ?”

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಈ ಪ್ರಶ್ನೆ ಕೇಳಬೇಕಾದರೆ ಎಷ್ಟು ಎತ್ತರದ ಫ್ಲೋರಿನಲ್ಲಿ ಮನೆ ಇರಬೇಕು ಅಂತ ಯೋಚಿಸುತ್ತಿದ್ದೆ. ನನ್ನ ನೋಟ ಅವರಿಗೆ ಸವಾಲಿನ ಹಾಗೆ ಕಂಡಿರಬೇಕು. “ಆಲ್‌ರೈಟ್. ಫಿಸಿಕಲ್ ವೆರಿಫಿಕೇಷನ್. ನಾನೇ ಬರ್ತೀನಿ,” ಅಂದರು.

ನಾನು ಶಿವಲೀಲಾಗೆ ಫೋನ್ ಮಾಡಿ, “ಅತ್ತಿಗೆ ನಾದಿನಿ ಅಂತ ಏನರೆ ಹೇಳಿಬಿಡ್ರಿ” ಅಂದೆ. ಆಕೆ ‘ಹೂಂ’ ಅನ್ನಲಿಲ್ಲ, ‘ಊಹೂಂ’ ಅನ್ನಲಿಲ್ಲ. “ಬರ್ರಿ, ಉಂಡ ಹೋಗೀರಂತ” ಅಂದಳು.

ಶನಿವಾರ ಹಾರ್ಬರ್ ಲೈನ್ ಹಿಡಿದು ಹೋದೆವು. ಕಾರು ಆ ಗಲ್ಲಿಯೊಳಗೆ ಹೋಗುವುದಿಲ್ಲ ಅಂತ ಮೆಹ್ರಾ ಅವರಿಗೆ ಮೊದಲೇ ಹೇಳಿದ್ದೆ. ಒಂದೇ ಕೋಣೆಯ ಖೋಲಿಯಲ್ಲಿ ಮೂರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿಗೆ ಮೆಹ್ರಾ ಒಮ್ಮೆ ಬೆಚ್ಚಿದರು. ಶಿವಲೀಲಾ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು. ನಲವತ್ತು ದಾಟಿದ ಹೆಂಗಸು, ಎತ್ತರದ ಆಳು, ಮೊಣಕೈವರೆಗೆ ಹಿಟ್ಟು.

ಮೆಹ್ರಾ ಹಿಂದಿಯಲ್ಲಿ ಶುರು ಮಾಡಿದರು. “ಆಪ್ ಸಬ್ ಏಕ್ ಹೀ ಘರ್ ಕೇ ಹೋ?”

ನಾನು ಶಿವಲೀಲಾಳನ್ನು ನೋಡಿದೆ. ಆಕೆ ನನ್ನನ್ನು ನೋಡಲಿಲ್ಲ.

“ನಹೀ ಸಾಬ್,” ಅಂದಳು. ಆಮೇಲೆ ಅವಳ ಹಿಂದಿ ಮುಗಿದು, ನನ್ನ ಕಡೆ ತಿರುಗಿ, “ಅಕ್ಕಾರ, ನೀವ ಹೇಳ್ರಿ ಅವರಿಗಿ. ಸುಳ್ಳ್ಯಾಕ? ನಾವು ಒಂದ ಮನಿಯವರಲ್ಲ. ಕಮಲವ್ವ ಸಿಂದಗಿ ಕಡೆಯಾಕಿ, ಈಕಿ ಇಂಡಿ ಕಡೆಯಾಕಿ. ಆದ್ರ ಬೆಳಗಾದ್ರ ಸಂಜಿ ಆದ್ರ ಉಣ್ಣೂದು ಎಲ್ಲಾರೂ ಇದ ಒಲಿ ಮ್ಯಾಲಿಂದು. ಮನಿ ಬ್ಯಾರೆ, ಒಲಿ ಒಂದ.”

ಮೆಹ್ರಾ ನನ್ನ ಕಡೆ ತಿರುಗಿದರು. “ಏನಂತೆ?”

“ಒಂದು ಅಡುಗೆಮನೆ, ಒಂದು ಗಲ್ಲಾ, ಅಂತಿದ್ದಾರೆ ಸರ್.”

ಅಕ್ಷರಶಃ ಅನುವಾದವಲ್ಲ, ಒಪ್ಪುತ್ತೇನೆ. ಆದರೆ ಅರ್ಥ ಎಲ್ಲೂ ಕೆಟ್ಟಿರಲಿಲ್ಲ. ಎಂಟು ಭಾಷೆಯ ಬೋರ್ಡುಗಳಲ್ಲಿ ತಾನೇ ಬರೆಸಿದ ಮಾತಿಗೆ ಮನುಷ್ಯ ಏನು ಹೇಳಿಯಾನು? ಕಮಲವ್ವ ಅಷ್ಟರಲ್ಲಿ ಅವರ ಕೈಗೆ ತಟ್ಟೆ ಕೊಟ್ಟಿದ್ದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. “ಐ ಡೋಂಟ್ ಈಟ್ ಔಟ್‌ಸೈಡ್,” ಅಂದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು.

ಒಪ್ಪಿದ್ದೇನೋ ಆಯಿತು. ಆದರೆ ಒಪ್ಪಿಗೆಯನ್ನು ಅವರು ತಮ್ಮ ಫೋನಿನಲ್ಲಿ ಒತ್ತಬೇಕು, ಅದೂ ಸ್ಥಳದಲ್ಲೇ ನಿಂತು. ಹಾಗಂತ ನಿಯಮ ಮಾಡಿದವರೂ ಅವರೇ. ಖೋಲಿಯಲ್ಲಿ ಸಿಗ್ನಲ್ ಇಲ್ಲ. ಗಲ್ಲಿಯಲ್ಲಿ ಇಲ್ಲ. ಸ್ಟೇಷನ್ನಿನ ಬ್ರಿಜ್ ಹತ್ತಿದರು. ಅಲ್ಲಿ ಸಿಗ್ನಲ್ ಇತ್ತು, ಆದರೆ ‘ನೀವು ಗಿರಾಕಿಯ ಸ್ಥಳದಲ್ಲಿಲ್ಲ’ ಅಂತ ಆ್ಯಪ್ ಬೈಯಿತು. ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದರು.

“ಸಾಹೇಬ್ರಿಗಿ ಡ್ರಮ್ ಮ್ಯಾಲ ಹತ್ತಂತ ಹೇಳ್ರಿ,” ಅಂದಳು ಕಮಲವ್ವ. “ನಾವೂ ಊರಿಗಿ ಫೋನ್ ಮಾಡೂದು ಅಲ್ಲಿಂದ್ಲೇ.”

ಬಾಗಿಲ ಪಕ್ಕದ ನೀಲಿ ನೀರಿನ ಡ್ರಮ್ಮಿನ ಮೇಲೆ, ಬೂಟು ಬಿಚ್ಚಿ, ಇಬ್ಬರು ಹೆಂಗಸರ ಹೆಗಲು ಹಿಡಿದು ಮೆಹ್ರಾ ಸಾಹೇಬರು ನಿಂತರು. ಕೈ ಮೇಲೆತ್ತಿ ಆಕಾಶದ ಹತ್ತಿರ ಫೋನ್ ಹಿಡಿದರು. “ಎಡಕ್ಕ, ಎಡಕ್ಕ, ಇನ್ನೊಂಚೂರು!” ಅಂತ ಇಡೀ ಗಲ್ಲಿ ದಾರಿ ತೋರಿಸಿತು. ಕೊನೆಗೆ ಟಿಂಗ್ ಅಂದಿತು. ಹೆಂಗಸರು ಚಪ್ಪಾಳೆ ಹೊಡೆದರು. ಇನ್ವೆಸ್ಟರುಗಳ ಚಪ್ಪಾಳೆಗಿಂತ ಅದು ಅವರಿಗೆ ಹೆಚ್ಚು ಖುಷಿ ಕೊಟ್ಟಿತೋ ಏನೋ, ಇಳಿಯುವಾಗ ಸ್ವಲ್ಪ ನಕ್ಕರು.

ಬೀಗ ತೆರೆದು ನೋಡಿದರೆ ಒಳಗೆ ಸ್ಮಶಾನ. ಇವರು ಹೊರಗಿದ್ದಾಗಲೂ ಸರ್ವರಿನಲ್ಲಿ ದಿನ ಓಡಿತ್ತಲ್ಲ. ಹಾಲು ಒಡೆದಿತ್ತು, ತರಕಾರಿ ಕೊಳೆತಿತ್ತು, ಅಡುಗೆಯವನು ಓಡಿಹೋಗಿದ್ದ. ಸೋಮವಾರಕ್ಕೆ ಉಳಿದದ್ದು ಒಂದು ಭಾನುವಾರ.

ಶಿವಲೀಲಾ ಫೋನಿನೊಳಗೆ ಬಹಳ ಹೊತ್ತು ನೋಡಿದಳು. “ಲಾಕ್‌ಡೌನ್ ಮುಗದ ಮ್ಯಾಲ ನಮ್ಮ ಖರೇ ಖಾನಾವಳಿನೂ ಹಿಂಗ ಇತ್ತು ನೋಡ್ರಿ,” ಅಂದಳು. “ಇದರಾಗ ಇಲಿ ಇಲ್ಲ, ಅಷ್ಟ ಪುಣ್ಯೇವು. ಏ ಕಮಲವ್ವ, ಮೊದಲ ಕಸಾ ತಗಿ.”

ಸೋಮವಾರದಿಂದ ನನ್ನ ಡೆಸ್ಕಿನ ಫೋನ್ ಕೆಳಗಿಡಲು ಆಗಲಿಲ್ಲ. ಕರೆ ಮಾಡುತ್ತಿದ್ದವರು ಉಳಿದ ಅರ್ಜಿದಾರರು, ಕೋಟು ಹಾಕಿದ ಕೇಟರಿಂಗ್ ಕಂಪನಿಯವರು. ಒಬ್ಬರು ಲಿಫ್ಟಿನಲ್ಲಿ ಹದಿನೆಂಟನೇ ಮಹಡಿ ಏರುವಷ್ಟರಲ್ಲಿ ಅಂಗಡಿ ಮುಚ್ಚಿತು. ಇನ್ನೊಬ್ಬರ ಆಫೀಸಿನ ವೈಫೈಯನ್ನು ಕಸ ಗುಡಿಸುವವರು ಪ್ಲಗ್ಗಿನಿಂದ ಕಿತ್ತರು. ಮತ್ತೊಬ್ಬರು ಕೂಗಾಡಿದರು, “ಮ್ಯಾಡಮ್, ಒಬ್ಬ ಮನುಷ್ಯ ಇಪ್ಪತ್ನಾಲ್ಕು ಗಂಟೆ ಆನ್‌ಲೈನ್ ಇರೋಕೆ ಸಾಧ್ಯನಾ? ನಿದ್ದೆ ಬೇಡ್ವಾ? ಬಾತ್‌ರೂಮ್ ಬೇಡ್ವಾ?” ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಯಾರಿಗೂ ಇದುವರೆಗೆ ಹೊಳೆದಿರಲಿಲ್ಲ.

ವಡಾಲದ ಅಂಗಡಿಯಿಂದ ಕರೆ ಬರಲಿಲ್ಲ. ಘಾಟ್ಕೋಪರಿನಲ್ಲಿ ನೆಟ್ ಹೋದರೆ ಬೈಕುಲ್ಲಾದಲ್ಲಿ ಇರುತ್ತಿತ್ತು. ಬೈಕುಲ್ಲಾದವಳು ಟ್ರೇನ್ ಹತ್ತಿದರೆ ಡ್ರಮ್ಮಿನ ಮೇಲೆ ಇನ್ನೊಬ್ಬಳು ನಿಂತಿರುತ್ತಿದ್ದಳು. ಒಬ್ಬಳು ಮಲಗಿದರೆ ಇನ್ನೊಬ್ಬಳು ಎದ್ದಿರುತ್ತಿದ್ದಳು. ಆಟ ಗಳಿಗೆಗೊಮ್ಮೆ ‘ಅಸಲಿ ತಾನೇ?’ ಅಂತ ಕೇಳಿದಾಗಲೆಲ್ಲ ಎಲ್ಲಿಂದಲೋ ಯಾರೋ ‘ಹೂಂ’ ಅನ್ನುತ್ತಿದ್ದರು. ಹಂಚಿಕೊಳ್ಳಬಾರದು ಅಂತಲೇ ಕಟ್ಟಿದ ಯಂತ್ರ ಅದು. ಹಂಚಿಕೊಂಡವರನ್ನು ಬಿಟ್ಟು ಬೇರೆ ಯಾರಿಗೂ ಅದರ ಷರತ್ತು ಪೂರೈಸಲು ಆಗಲಿಲ್ಲ. ವಾರದ ಕೊನೆಗೆ ಅವರ ಅಂಗಡಿಯಲ್ಲಿ ಲಾಭ ದೊಡ್ಡದಿರಲಿಲ್ಲ, ಮೆನು ಬಹಳ ಬಡವಾಗಿತ್ತು, ಆಟದ ಗಿರಾಕಿಗಳು ಪಿಜ್ಜಾ ಇಲ್ಲ ಅಂತ ಗೊಣಗುತ್ತಿದ್ದರು. ಆದರೆ ಶಟರ್ ಒಮ್ಮೆಯೂ ಬಿದ್ದಿರಲಿಲ್ಲ. ಪ್ರೊಫೆಸರು ತಮ್ಮ ನಿಯಮದಂತೆ ಕ್ಯಾಂಟೀನ್ ಅವರಿಗೇ ಕೊಟ್ಟರು. ಮೆಹ್ರಾ ಸಾಹೇಬರು ಈ ಪ್ರಸಂಗವನ್ನು ತಮ್ಮ ಫ್ಯಾಮಿಲಿ ಪ್ಯಾಕಿನ ವಿಜಯ ಅಂತ ಎಲ್ಲ ಮೀಟಿಂಗಿನಲ್ಲೂ ಹೇಳಿದರು. ಡ್ರಮ್ಮಿನ ವಿಷಯ ಮಾತ್ರ ಬಿಟ್ಟರು.

ನಾನು ರಿಟೈರ್ ಆದದ್ದೂ ಅದೇ ತಿಂಗಳು. ಕ್ಯಾಂಟೀನಿನ ಮೊದಲ ದಿನ ಶಿವಲೀಲಾ ಕರೆದಳು ಅಂತ ಹೋದೆ. ಮಧ್ಯಾಹ್ನದ ಹೊತ್ತು, ಬಾಗಿಲ ಆಚೆವರೆಗೆ ಹುಡುಗರ ಸಾಲು. ಸಾಲು ಮುಂದೆ ಸರಿಯುತ್ತಿರಲಿಲ್ಲ. ಕಾಲೇಜಿನವರು ಕೂಪನ್ ಕೊಡುವ ಮಷೀನ್ ಇಟ್ಟಿದ್ದರು. ವಿದ್ಯಾರ್ಥಿ ಕಾರ್ಡು ತೋರಿಸಬೇಕು, ಮಷೀನ್ ಸರ್ವರನ್ನು ಕೇಳಬೇಕು, ಆಮೇಲೆ ಊಟ. ಸರ್ವರ್ ಮಲಗಿತ್ತು. ಮಷೀನಿನ ಪರದೆಯ ಮೇಲೆ ಅದೇ ಚಕ್ರ.

ಶಿವಲೀಲಾ ಅದನ್ನು ಒಂದು ಕ್ಷಣ ನೋಡಿ, ಮೇಲೆ ಒಂದು ಒದ್ದೆ ಬಟ್ಟೆ ಹೊದಿಸಿದಳು. “ಉಣ್ಣಾಕ ಬರ್ರಿ ಮಕ್ಕಳ, ಅದು ಎದ್ದಾಗ ಏಳ್ಲಿ,” ಅಂದಳು. ಕನ್ನಡ ಯಾರಿಗೂ ಬರುತ್ತಿರಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ಸಾಲು ಒಮ್ಮೆಲೇ ಒಳಗೆ ನುಗ್ಗಿತು.

“ಅಕ್ಕಾರ, ಸುಮ್ನ್ಯಾಕ ನಿಂತೀರಿ? ಪಲ್ಯಾ ನೀಡ್ರಿ.” ನನ್ನ ಕೈಗೆ ಸೌಟು ಬಂತು.

ನೀಡಿದೆ. ಒಂದೇ ಮುಖ ಎರಡನೆಯ ಸಲ ತಟ್ಟೆ ಹಿಡಿದು ಬಂದಂತೆ ಕಂಡಿತು, ಆಮೇಲೆ ಇನ್ನೊಂದು. ‘ಅಸಲಿ ತಾನೇ?’ ಅಂತ ನಾನು ಯಾರನ್ನೂ ಕೇಳಲಿಲ್ಲ. ಸೌಟು ತುಂಬಿ ತುಂಬಿ ಬಡಿಸುತ್ತ ಹೋದೆ.